ಪೆಟ್ರೋಲ್ ಮಾಡೆಲ್ ವಿಮಾನದಲ್ಲಿ ಮಫ್ಲರ್ (ಎಂಜಿನ್ನಿನ ಸೈಲೆನ್ಸರ್) ಕೆಲವೊಮ್ಮೆ ಇಂಧನ ಟ್ಯಾಂಕಿನ ಕೆಳಗೇ ಬರುತ್ತದೆ. ಕೊಡಗಿನ ತಂಪಿನಲ್ಲೂ ಬಿಸಿಯ ಚಿಂತೆ ಬೇಕಾ?

ಬೇಕು. ಮಡಿಕೇರಿಯ ತಣ್ಣನೆ ಗಾಳಿ ನಂಬಿ ಸುಮ್ನೆ ಬಿಡಬೇಡಿ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತವೆ. ಪೈಪಿನಲ್ಲಿ ಗುಳ್ಳೆ ಬಂದರೆ ಕಾರ್ಬ್ಯುರೇಟರಿಗೆ ಇಂಧನ ಸಾಲದೆ ಎಂಜಿನ್ ಆಕಾಶದಲ್ಲೇ ನಿಲ್ಲಬಹುದು. ಕೆಳಗೆ ಕಾಫಿ ತೋಟವಿದ್ದರೆ ಇಳಿಸುವುದೆಲ್ಲಿ, ಅಲ್ವಾ?

ಮುಖ್ಯವಾದದ್ದು ಗಾಳಿಯ ಓಡಾಟ. ಎಷ್ಟೋ ಜನ ಮುಂದೆ ದೊಡ್ಡ ತೂತು ಕೊರೆದು ಹಿಂದೆ ಮರೆತುಬಿಡುತ್ತಾರೆ. ಕಾದ ಗಾಳಿ ಹಿಗ್ಗುತ್ತದೆ. ಹಾಗಾಗಿ ಹೊರಹೋಗುವ ದಾರಿ ಒಳಬರುವ ದಾರಿಯ ಎರಡು ಪಟ್ಟಾದರೂ ಇರಲಿ, ಮೂರು ಪಟ್ಟಿದ್ದರೆ ಇನ್ನೂ ಒಳ್ಳೆಯದು. ಆ ಗಾಳಿ ಮಫ್ಲರನ್ನು ಸವರಿಕೊಂಡೇ ಹೋಗುವಂತೆ ಬಾಲ್ಸಾ ಎಂಬ ಹಗುರ ಮರದ ತೆಳು ಅಡ್ಡಗೋಡೆ ಕೊಡಿ.

ಟ್ಯಾಂಕಿಗೂ ಮಫ್ಲರಿಗೂ ನಡುವೆ ಪ್ಲೈ ತಟ್ಟೆ ಹಾಕಿ, ಮಫ್ಲರ್ ಕಡೆಯ ಮುಖಕ್ಕೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಅಂಟಿಸಿ. ಹೊಳೆಯುವ ಮೈ ಬಿಸಿಯನ್ನು ಹಿಂದಕ್ಕೆ ಕಳಿಸುತ್ತದೆ. ಆದರೆ ಮಫ್ಲರಿಗೆ ತಾಗಿದರೆ ಪ್ರಯೋಜನವಿಲ್ಲ, ಒಂದು ಬೆರಳಿನಷ್ಟು ಸಂದು ಬಿಡಿ. ಟ್ಯಾಂಕ್ ಫೋಮ್ ಮೇಲೆ ಕೂರಲಿ. ಸಿಲಿಕೋನ್ ಪೈಪ್ ಬೇಡ, ಪೆಟ್ರೋಲಿಗೆ ಊದಿಕೊಳ್ಳುತ್ತದೆ. ಪೆಟ್ರೋಲ್ ತಡೆಯುವ ಟೈಗಾನ್ ಪೈಪ್ ಹಾಕಿ.

ನಮ್ಮ ಕಡೆ ಇನ್ನೊಂದು ವಿಷಯವಿದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಅಲ್ಲಿ ಸರಿಮಾಡಿದ ನೀಡಲನ್ನು (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುವ ತಿರುಪು) ಹಾಗೇ ಇಟ್ಟು, ತಗ್ಗಿನಲ್ಲಿದ್ದು ಗಾಳಿ ದಟ್ಟವಾಗಿರುವ ಕುಶಾಲನಗರದಲ್ಲಿ ಹಾರಿಸಿದರೆ ಮಿಶ್ರಣಕ್ಕೆ ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ ಜಾಸ್ತಿ ಕಾಯುತ್ತದೆ. ಘಟ್ಟ ಇಳಿದು ಅಲ್ಲಿಗೆ ಹೋದ ಮೇಲೆ, ಹಾರಿಸುವ ಮುಂಚೆ ನೀಡಲ್ ಸ್ವಲ್ಪ ಬಿಚ್ಚಿ.

ಹಾರಾಟ ಮುಗಿದ ಕೂಡಲೇ ಟ್ಯಾಂಕ್ ಇರುವ ಗೂಡಿನ ಮುಚ್ಚಳ ತೆಗೆಯಿರಿ. ಗಾಳಿ ನಿಂತಾಗಲೇ ಮಫ್ಲರಿನ ಬಿಸಿ ಟ್ಯಾಂಕಿಗೆ ಹತ್ತುವುದು.