ಪಿಯಾನೋ ಯಾವುದು, ವೈಬ್ರಾಫೋನ್ ಯಾವುದು?

ಪ್ರಶ್ನೆ: ಮಾಡರ್ನ್ ಜಾಝ್ ಕ್ವಾರ್ಟೆಟ್ ತಂಡದ ‘ಜಾಂಗೊ’ ಆಲ್ಬಂ ಕೇಳಿದೆ ಮೇಡಂ. ಪಿಯಾನೋ, ವೈಬ್ರಾಫೋನ್ ಎರಡೂ ಬೆರೆತುಹೋಗುತ್ತವೆ. ನಾನು ಮೃದಂಗ ಕಲಿಯುತ್ತಿದ್ದೇನೆ, ಆದರೂ ತಾಳ ಸಿಗುತ್ತಿಲ್ಲ. ಇದನ್ನು ಹೇಗೆ ಕೇಳಬೇಕು?
– ಒಬ್ಬ ಓದುಗ, ಕ್ಯಾತ್ಸಂದ್ರ, ತುಮಕೂರು

ಉತ್ತರ: ಮೊದಲು ಹೆಡ್‌ಫೋನ್ ಹಾಕಿಕೊಳ್ಳಿ. ನಮ್ಮ ಮನೆ ಬಿ.ಎಚ್. ರಸ್ತೆ ಪಕ್ಕದಲ್ಲೇ ಇದೆ. ಬಸ್ಸು, ಲಾರಿ ಓಡಾಡುವ ಹೊತ್ತಲ್ಲಿ ಈ ಆಲ್ಬಂ ಹಾಕಿದರೆ ಅರ್ಧ ಸಂಗೀತ ಕಿವಿಗೇ ಬೀಳುವುದಿಲ್ಲ. ಅಷ್ಟು ಮೆತ್ತಗೆ ನುಡಿಸುತ್ತಾರೆ.

ವೈಬ್ರಾಫೋನ್‌ನಲ್ಲಿ ಲೋಹದ ಪಟ್ಟಿಗಳ ಸಾಲು ಇರುತ್ತದೆ. ನೂಲು ಸುತ್ತಿದ ಕೋಲಿನಿಂದ ಬಾರಿಸುತ್ತಾರೆ. ಪಟ್ಟಿಗಳ ಕೆಳಗೆ ಕೊಳವೆಗಳು, ಕೊಳವೆಯ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆ. ಬಿಲ್ಲೆ ತಿರುಗಿದಂತೆ ಬಾಯಿ ತೆರೆದು ಮುಚ್ಚುತ್ತದೆ, ನಾದ ಅಲೆ ಅಲೆಯಾಗಿ ಬರುತ್ತದೆ. ತಂಡದ ವೈಬ್ರಾಫೋನ್ ವಾದಕ ಮಿಲ್ಟ್ ಜಾಕ್ಸನ್ ಆ ಮೋಟಾರನ್ನು ನಿಧಾನಕ್ಕೆ ಓಡಿಸುತ್ತಿದ್ದರು. ಹಾಗಾಗಿ ಉದ್ದಕ್ಕೆ ನಿಂತು ಮೆಲ್ಲಗೆ ತೂಗುವ ಸ್ವರ ಕೇಳಿದರೆ ಅದು ಜಾಕ್ಸನ್. ಬಿಡಿಬಿಡಿಯಾಗಿ, ಎಣಿಸಿ ಇಟ್ಟ ಹಾಗೆ ಬರುವುದು ಜಾನ್ ಲೂಯಿಸ್ ಅವರ ಪಿಯಾನೋ.

ಬೆರೆತುಹೋಗುವುದಕ್ಕೂ ಕಾರಣ ಇದೆ. ಜಾಕ್ಸನ್ ನುಡಿಸುವಾಗ ಲೂಯಿಸ್ ಸುಮ್ನೆ ಹಿಮ್ಮೇಳ ಕೊಟ್ಟು ಕೂರುವುದಿಲ್ಲ. ಕೆಳಗೆ ತಮ್ಮದೇ ಇನ್ನೊಂದು ಮಟ್ಟು ಹೆಣೆಯುತ್ತಾ ಹೋಗುತ್ತಾರೆ. ಈ ತಂಡದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಅದೇ. ಒಮ್ಮೆ ಜಾಕ್ಸನ್‌ರನ್ನು ಬಿಟ್ಟು ಬರೀ ಆ ಪಿಯಾನೋ ಹಿಂದೆ ಹೋಗಿ ನೋಡಿ.

ತಾಳಕ್ಕೆ ಪರ್ಸಿ ಹೀತ್ ಅವರ ಬಾಸ್, ಅಂದರೆ ತಗ್ಗು ಸ್ವರದ ದೊಡ್ಡ ತಂತಿವಾದ್ಯ, ಅದನ್ನು ಹಿಡಿಯಿರಿ. ನಾಲ್ಕು ನಾಲ್ಕು ಎಣಿಕೆಯ ನಡೆ. ಅಂಥ ಎರಡು ಸೇರಿದರೆ ನಿಮ್ಮ ಆದಿತಾಳದ ಎಂಟು ಎಣಿಕೆ ಆಯಿತಲ್ವಾ? ಡ್ರಮ್ಸ್ ಆಮೇಲೆ ತಾನಾಗಿ ಕೇಳುತ್ತದೆ.

‘ಜಾಂಗೊ’ ಅನ್ನುವ ರಚನೆಯನ್ನು ಲೂಯಿಸ್ ಬರೆದದ್ದು ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ನೆನಪಿಗೆ. ರೈನ್‌ಹಾರ್ಟ್ 1953ರಲ್ಲಿ ತೀರಿಕೊಂಡರು. ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳ ಬಳಕೆ ಹೆಚ್ಚುಕಮ್ಮಿ ಕಳೆದುಕೊಂಡೂ ಹಾಗೆ ನುಡಿಸಿದವರು. ಈ ರಚನೆಯ ಧ್ವನಿಮುದ್ರಣ ಆದದ್ದು 1954ರ ಡಿಸೆಂಬರ್‌ನಲ್ಲಿ. ಶುರು ತುಂಬಾ ನಿಧಾನ, ಶೋಕದ ನಡಿಗೆ. ಆಮೇಲೆ ಲವಲವಿಕೆ ಬರುತ್ತದೆ, ಆದರೂ ದುಃಖ ಬಿಟ್ಟುಹೋಗುವುದಿಲ್ಲ. ಆ ತಿರುವಿನಲ್ಲಿ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ನೀವು ಮೃದಂಗದವರು, ಅದಕ್ಕೇ ಹೇಳುತ್ತೇನೆ: ಅದೇ ಆಲ್ಬಂನ ‘ಲಾ ರೋಂಡ್ ಸ್ವೀಟ್’ ಬಿಡಬೇಡಿ. ನಾಲ್ಕು ವಾದ್ಯಗಳಿಗೂ ಒಂದೊಂದು ಭಾಗ, ಕೊನೆಯದು ಕೆನ್ನಿ ಕ್ಲಾರ್ಕ್ ಅವರ ಡ್ರಮ್ಸ್. 1955ರಲ್ಲಿ ಅವರು ತಂಡ ಬಿಟ್ಟರು, ಕಾನಿ ಕೇ ಬಂದರು. ಆ ವರ್ಷದ ‘ಕಾಂಕಾರ್ಡ್’ ಆಲ್ಬಂ ಇದರ ಬೆನ್ನಿಗೇ ಕೇಳಿ. ಇಬ್ಬರ ಕೈಯಲ್ಲಿ ವ್ಯತ್ಯಾಸ ಏನು ಕಂಡಿತು ಅಂತ ಬರೆದು ತಿಳಿಸಿ.