ಏರ್ ಫ್ರೈಯರ್‌ನಲ್ಲಿ ಫ್ರೋಜನ್ ಸಿಗಡಿ: ಮೊದಲು ನೀರನ್ನು ಕಳೆಯಿರಿ

ಅಕ್ಕ, ನಮಸ್ಕಾರ. ನಿಮ್ಮ ಪ್ರಶ್ನೆಯನ್ನೂ ಎರಡು ಫೋಟೊಗಳನ್ನೂ ನಿನ್ನೆ ರಾತ್ರಿಯೇ ನೋಡಿದೆ. ಅರ್ಧ ಕಿಲೋ ಫ್ರೋಜನ್ ಸಿಗಡಿ ತಂದು, ಪೊಟ್ಟಣ ಒಡೆದ ಕೂಡಲೇ ಮಸಾಲೆ ಕಲಸಿ, ಏರ್ ಫ್ರೈಯರ್‌ನಲ್ಲಿ 200 ಡಿಗ್ರಿಗೆ 15 ನಿಮಿಷ ಇಟ್ಟಿರಿ. ಮಸಾಲೆಯೆಲ್ಲ ಕೆಳಗಿನ ನೀರಿಗೆ ಇಳಿಯಿತು, ಸಿಗಡಿ ರಬ್ಬರಿನಂತಾಯಿತು, ಮನೆಯವರು ಎರಡು ತಿಂದು ತಟ್ಟೆ ಸರಿಸಿದರು. ಯಂತ್ರವೇ ಸರಿಯಿಲ್ಲವೇನೋ, ಚಿಂತಾಮಣಿಯ ಅಂಗಡಿಗೆ ವಾಪಸು ಕೊಡಲೇ ಎಂದು ಕೇಳಿದ್ದೀರಿ. ಕೊಡಬೇಡಿ. ಯಂತ್ರ ತನ್ನ ಕೆಲಸ ಮಾಡಿದೆ. ನೀವು ಹುರಿಯಲು ಇಟ್ಟದ್ದರಲ್ಲಿ ಸಾಕಷ್ಟು ಮಂಜುಗಡ್ಡೆ ಇತ್ತು, ಅದೇ ತೊಂದರೆ.

ಇಲ್ಲಿ ಉತ್ತರಿಸಿದ ಹೆಚ್ಚಿನವರು ನಿಮಿಷ ಕಡಿಮೆ ಮಾಡಿ ಎಂದಿದ್ದಾರೆ. ಅದು ಅರ್ಧ ಉತ್ತರ. ಮಂಜು ಹಾಗೆಯೇ ಇದ್ದರೆ ಕಡಿಮೆ ನಿಮಿಷಕ್ಕೆ ಹೊರಗೆ ಬೆಂದು ಒಳಗೆ ಹಸಿ ಉಳಿಯುತ್ತದೆ, ಹೆಚ್ಚು ನಿಮಿಷಕ್ಕೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ಗಟ್ಟಿಯಾಗುತ್ತದೆ. ಎರಡರ ನಡುವೆ ಹದ ಸಿಗುವುದೇ ಇಲ್ಲ. ಕೋಲಾರದ ನಮ್ಮ ಮನೆಯಲ್ಲಿ ನಾನು ಮೂರು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ತಿಂಗಳು ಇದನ್ನು ಮಾಡುತ್ತಿದ್ದೇನೆ. ಮೊದಲ ನಾಲ್ಕೈದು ಸಲ ನನಗೂ ನಿಮ್ಮ ಫೋಟೊದಲ್ಲಿರುವುದೇ ಬಂದಿತ್ತು.

ಪೊಟ್ಟಣದ ಸಿಗಡಿಯ ಮೇಲೆ ಗಾಜಿನಂತೆ ತೆಳುವಾಗಿ ಹೊಳೆಯುವುದು ಕಾರ್ಖಾನೆಯಲ್ಲಿ ಹಾಕಿದ ನೀರಿನ ಪದರ. ಮಾಂಸ ಶೈತ್ಯದಲ್ಲಿ ಒಣಗಿ ಬಿಳಚಿಕೊಳ್ಳದಿರಲಿ ಎಂದು ಅದನ್ನು ಬೇಕೆಂದೇ ಹಾಕುತ್ತಾರೆ, ಮೋಸವೇನಲ್ಲ. ಆದರೆ ಆ ಪದರ ಕರಗಿದ ಮೇಲೆ ಎಲ್ಲಿಗಾದರೂ ಹೋಗಬೇಕಲ್ಲ? ಒಮ್ಮೆ ಮಂಜು ಬಿಟ್ಟ ಮೇಲೆ ಬಸಿದ ನೀರನ್ನು ಲೋಟಕ್ಕೆ ಹಿಡಿದು ನೋಡಿದೆ, ಮುಕ್ಕಾಲು ಲೋಟ ತುಂಬಿತ್ತು. ನಿಮ್ಮ ಮಸಾಲೆ ಕೊಚ್ಚಿಕೊಂಡು ಹೋದದ್ದು ಇಂಥದೇ ನೀರಿನಲ್ಲಿ. ಅಷ್ಟು ನೀರು ಆವಿಯಾಗುವವರೆಗೆ ಯಂತ್ರದೊಳಗೆ ನಡೆಯುವುದು ಹುರಿಯುವ ಕೆಲಸವಲ್ಲ, ಇಡ್ಲಿ ಪಾತ್ರೆಯ ಕೆಲಸ.

ಮಂಜು ಬಿಡಿಸಲು ಎರಡು ದಾರಿಗಳಿವೆ. ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸಿ, ಜರಡಿಯ ಮೇಲೆ ಸಿಗಡಿ, ಜರಡಿಯ ಕೆಳಗೆ ಬಟ್ಟಲು ಇಟ್ಟುಬಿಡುವುದು ಒಂದು. ಎಲ್ಲಕ್ಕಿಂತ ಒಳ್ಳೆಯದು ಇದೇ. ಹೊತ್ತಿಲ್ಲದಿದ್ದರೆ ನೀರು ಒಳಹೋಗದಂತೆ ಕವರ್‌ನ ಬಾಯಿ ಬಿಗಿದು ತಣ್ಣೀರಿನಲ್ಲಿ ಮುಳುಗಿಸಿ, ನಡುವೆ ಒಮ್ಮೆ ನೀರು ಬದಲಿಸಿದರೆ 15ರಿಂದ 20 ನಿಮಿಷದಲ್ಲಿ ಬಿಡಿಬಿಡಿಯಾಗುತ್ತದೆ. ನಮ್ಮ ಕಡೆಯವರಿಗೆಂದೇ ಒಂದು ಮಾತು: ಏಪ್ರಿಲ್, ಮೇ ಮಧ್ಯಾಹ್ನ ಮಹಡಿಯ ಮೇಲಿನ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರು ತಣ್ಣೀರಲ್ಲ, ಕೈ ಇಟ್ಟರೆ ಬೆಚ್ಚಗಿರುತ್ತದೆ. ಆ ನೀರಿನಲ್ಲಿ ಸಿಗಡಿಯ ಹೊರಭಾಗ ಮೆತ್ತಗಾಗಿ ವಾಸನೆ ತಿರುಗಲು ತೊಡಗುತ್ತದೆ, ಒಳಗೆ ಇನ್ನೂ ಕಲ್ಲು. ಮಡಕೆಯ ನೀರನ್ನೋ ಫ್ರಿಜ್‌ನ ನೀರನ್ನೋ ಬಳಸಿ. ಕಟ್ಟೆಯ ಮೇಲೆ ಸುಮ್ಮನೆ ಇಟ್ಟು ಕರಗಲು ಬಿಡುವುದಂತೂ ಬೇಡವೇ ಬೇಡ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ.

ಕೊಳ್ಳುವಾಗಲೂ ಪೊಟ್ಟಣವನ್ನು ಕೈಯಲ್ಲಿ ಅಲುಗಿಸಿ ನೋಡಿ. ಒಳಗಿನವು ಬೆಣಚುಕಲ್ಲಿನಂತೆ ಗಲಗಲ ಅಂದರೆ ಸರಿ. ಎಲ್ಲವೂ ಸೇರಿ ಒಂದೇ ಗಟ್ಟಿಯಾಗಿದ್ದರೆ, ಒಳಮೂಲೆಯಲ್ಲಿ ಹರಳು ಹರಳಾಗಿ ಮಂಜು ಕೂತಿದ್ದರೆ, ದಾರಿಯಲ್ಲೋ ಕರೆಂಟ್ ಹೋದಾಗಲೋ ಅದು ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರಬಹುದು. ಅಂಥದನ್ನು ನಾನು ತರುವುದಿಲ್ಲ. ಬೆಂಗಳೂರಿನಿಂದ ಬಸ್ಸಿನಲ್ಲಿ ತರುವಾಗ ನಾಲ್ಕು ಮಡಿಕೆ ದಿನಪತ್ರಿಕೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು ತರುತ್ತೇನೆ.

ಇನ್ನು ಒರೆಸುವ ಕೆಲಸ. ಎಲ್ಲರೂ ಬಿಟ್ಟುಬಿಡುವುದು ಇದನ್ನೇ, ಹದ ನಿಂತಿರುವುದೂ ಇದರ ಮೇಲೆಯೇ. ಹಳೆಯ ಹತ್ತಿಯ ಪಂಚೆಯ ತುಂಡೊಂದನ್ನು ಇದಕ್ಕೆಂದೇ ತೊಳೆದು ಇಟ್ಟುಕೊಂಡಿದ್ದೇನೆ. ಬೆನ್ನಿನ ಕಪ್ಪು ದಾರ ಉಳಿದಿದ್ದರೆ ಹಲ್ಲುಕಡ್ಡಿಯಿಂದ ಎತ್ತಿ ತೆಗೆದು, ಸಿಗಡಿಗಳನ್ನು ಬಟ್ಟೆಯ ಅರ್ಧದ ಮೇಲೆ ಸಾಲಾಗಿ ಹರಡಿ, ಇನ್ನರ್ಧವನ್ನು ಮೇಲೆ ಮಡಚಿ ಅಂಗೈಯಿಂದ ಮೆಲ್ಲಗೆ ಒತ್ತುತ್ತೇನೆ. ಬಟ್ಟೆಯ ಮೇಲೆ ಒಂದೊಂದು ಸಿಗಡಿಯ ಆಕಾರವೂ ಒದ್ದೆ ಗುರುತಾಗಿ ಮೂಡುತ್ತದೆ. ಒಣಗಿದ ಜಾಗಕ್ಕೆ ಸರಿಸಿ ಮತ್ತೆ ಒತ್ತುತ್ತೇನೆ. ಗುರುತು ಮೂಡುವುದು ನಿಂತಾಗ, ಬೆರಳಿಗೆ ಜಾರುವ ಬದಲು ಸ್ವಲ್ಪ ಅಂಟಿದಂತಾದಾಗ ಅದು ಮಸಾಲೆಗೆ ತಯಾರು. ಇದಕ್ಕೆ ಐದು ನಿಮಿಷ ಹೋಗುತ್ತದೆ, ಹೋಗಲಿ.

ನಮ್ಮ ಅಮ್ಮ ಸಂತೆಯಿಂದ ಒಣ ಸಿಗಡಿ ತಂದರೆ ಮೊದಲು ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಹುರಿಯುತ್ತಿದ್ದರು. ಸರಸರ ಸದ್ದು ಬರುವವರೆಗೆ ಇಳಿಸುತ್ತಿರಲಿಲ್ಲ. ಆಮೇಲೆ ತಲೆ, ಬಾಲ ಮುರಿದು ಬದನೆಕಾಯಿಯ ಜೊತೆ ಸಾರು, ಪಕ್ಕದಲ್ಲಿ ರಾಗಿ ಮುದ್ದೆ. ಸಮುದ್ರವಿಲ್ಲದ ನಮ್ಮ ಜಿಲ್ಲೆಗಳಿಗೆ ಸಿಗಡಿ ಮೊದಲು ಬಂದದ್ದು ಒಣಗಿ, ಈಗ ಬರುತ್ತಿರುವುದು ಮಂಜುಗಟ್ಟಿ. ಒಣ ಸಿಗಡಿಯಲ್ಲೂ ಕೊನೆಯ ಪಸೆ ಹೋಗಬೇಕು ಎಂದು ಅಮ್ಮನಿಗೆ ಗೊತ್ತಿತ್ತು. ನಾನು ಅದನ್ನು ಮರೆತು, ನೀರು ಸುರಿಯುವ ಸಿಗಡಿಗೆ ಮಸಾಲೆ ಹಚ್ಚುತ್ತಿದ್ದೆ.

ಮಸಾಲೆಯಲ್ಲೂ ನೀರು ಬೇಡ. ಅರ್ಧ ಕಿಲೋ ಪೊಟ್ಟಣಕ್ಕೆ ಒಂದೂವರೆ ಚಹಾ ಚಮಚ ಬ್ಯಾಡಗಿ ಮೆಣಸಿನ ಪುಡಿ, ಕಾಲು ಚಮಚ ಅರಿಶಿನ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಎರಡು ಚಮಚ ಅಕ್ಕಿ ಹಿಟ್ಟು. ಮೊದಲು ಒಂದು ದೊಡ್ಡ ಚಮಚ ಕಡಲೆಕಾಯಿ ಎಣ್ಣೆಯನ್ನು ಸಿಗಡಿಗೆ ಸವರಿ, ಅದರ ಮೇಲೆ ಪುಡಿ ಉದುರಿಸಿ. ಎಣ್ಣೆ ಬಿಟ್ಟು ಮಾಡಬಹುದೇ ಎಂದು ಬೇರೆ ಒಬ್ಬರು ಕೇಳಿದ್ದರು. ಮಾಡಬಹುದು, ಆದರೆ ಪುಡಿ ಹಸಿಯಾಗಿ ಉಳಿದು ಗಂಟಲಿಗೆ ಹತ್ತುತ್ತದೆ. ಶುಂಠಿ ಬೆಳ್ಳುಳ್ಳಿ ಹಾಕುವುದಾದರೆ ಗಟ್ಟಿಯಾಗಿ ಅರೆದು ರಸ ಹಿಂಡಿ ಹಾಕಿ, ಕಲಸಿ ಗಂಟೆಗಟ್ಟಲೆ ಇಡಬೇಡಿ, ಹಸಿ ಶುಂಠಿ ಸಿಗಡಿಯ ಮಾಂಸವನ್ನು ಹಿಟ್ಟಿನಂತೆ ಮಾಡಿಬಿಡುತ್ತದೆ. ನಿಂಬೆರಸ ಕೊನೆಯಲ್ಲಿ, ತಟ್ಟೆಯಲ್ಲಿ. ಸಿಗಡಿಯನ್ನು ಯಂತ್ರದ ಬುಟ್ಟಿಗೆ ಹಾಕುವ ಮುನ್ನವಷ್ಟೇ ಉಪ್ಪು ಸೇರಿಸಿ, ಮೊದಲೇ ಹಾಕಿದರೆ ಒರೆಸಿದ್ದೆಲ್ಲ ದಂಡ. ಬಜ್ಜಿಯಂತೆ ಹಿಟ್ಟು ಕಲಸಿ ಅದ್ದುವುದು ಈ ಯಂತ್ರಕ್ಕೆ ಒಗ್ಗುವುದಿಲ್ಲ, ಎಲ್ಲ ತೂತಿನಿಂದ ಕೆಳಗಿಳಿಯುತ್ತದೆ.

ಪೊಟ್ಟಣದ ಹಿಂದಿನ ಪದಾರ್ಥಗಳ ಪಟ್ಟಿಯಲ್ಲಿ ಐಎನ್ಎಸ್ (ಆಹಾರಕ್ಕೆ ಬೆರೆಸುವ ವಸ್ತುಗಳ ಸಂಕೇತ ಸಂಖ್ಯೆ) 451 ಅಥವಾ 452 ಎಂದಿದ್ದರೆ ಅದು ಫಾಸ್ಫೇಟ್, ಮಾಂಸದಲ್ಲಿ ನೀರು ಹಿಡಿದಿಡಲು ಹಾಕಿರುತ್ತಾರೆ. ಅಂಥ ಸಿಗಡಿ ಹೆಚ್ಚು ನೀರು ಬಿಡುತ್ತದೆ, ಉಪ್ಪೂ ಮೊದಲೇ ಇರಬಹುದು, ಆದ್ದರಿಂದ ಕೈ ಬಿಗಿಹಿಡಿದು ಹಾಕಿ. ಇದೇ ಪೊಟ್ಟಣದ ಮೇಲೆ 31/40, 41/50 ಎಂಬ ಅಂಕಿಯೂ ಇರುತ್ತದೆ. ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಇಷ್ಟರಿಂದ ಇಷ್ಟು ಸಿಗಡಿ ಎಂದು ಅದರ ಅರ್ಥ. ಅಂಕಿ ದೊಡ್ಡದಾದಷ್ಟೂ ಸಿಗಡಿ ಸಣ್ಣದು.

ಈಗ ನಿಮಿಷಕ್ಕೆ ಬರೋಣ. ಬುಟ್ಟಿಯನ್ನು ಖಾಲಿಯಾಗಿಯೇ 200 ಡಿಗ್ರಿಗೆ ಮೂರು ನಿಮಿಷ ಕಾಯಿಸಿ. ಸಿಗಡಿಗಳನ್ನು ಒಂದಕ್ಕೊಂದು ತಾಗದಂತೆ ಒಂದೇ ಪದರದಲ್ಲಿ ಹರಡಿ. ಅರ್ಧ ಕಿಲೋ ಒಮ್ಮೆಗೇ ಹಿಡಿಯುವುದಿಲ್ಲ, ಎರಡು ಸರದಿ ಮಾಡಿ. 31/40 ಗಾತ್ರಕ್ಕೆ ಮೂರು ನಿಮಿಷ, ಆಮೇಲೆ ಮಗುಚಿ ಇನ್ನೆರಡರಿಂದ ಮೂರು ನಿಮಿಷ. 41/50 ಆದರೆ ಒಟ್ಟು ನಾಲ್ಕೇ ನಿಮಿಷಕ್ಕೆ ತೆರೆದು ನೋಡಿ. ನಿಮ್ಮ ಫೋಟೊದಲ್ಲಿ ಪೊಟ್ಟಣದ ಸಿಗಡಿ ಬೂದು ಬಣ್ಣದ್ದು, ಅಂದರೆ ಹಸಿಯದು. ಪೊಟ್ಟಣದಲ್ಲೇ ಕೆಂಪಗಿದ್ದರೆ ಅದು ಸಾಮಾನ್ಯವಾಗಿ ಬೇಯಿಸಿ ಮಂಜುಗಟ್ಟಿಸಿದ್ದು, ಮಂಜು ಬಿಡಿಸಿದ ಮೇಲೆ ಬಿಸಿಯಾಗಲು ಎರಡು ಮೂರು ನಿಮಿಷ ಸಾಕು.

ಈ ನಿಮಿಷಗಳನ್ನೂ ಕಣ್ಣು ಮುಚ್ಚಿ ನಂಬಬೇಡಿ ಎನ್ನಲು ಕಾರಣ ನಮ್ಮ ಕರೆಂಟ್. ಸಂಜೆ ಯಂತ್ರ ನಿಧಾನ ಎಂದು ಬರೆದಿದ್ದೀರಿ, ಅದು ನಿಮ್ಮ ಭ್ರಮೆಯಲ್ಲ. 230 ವೋಲ್ಟ್‌ನಲ್ಲಿ 1500 ವ್ಯಾಟ್ ಶಾಖ ಕೊಡುವ ಸುರುಳಿ, ವೋಲ್ಟೇಜ್ 190ಕ್ಕೆ ಇಳಿದರೆ ಸಾವಿರದ ಆಸುಪಾಸು ಮಾತ್ರ ಕೊಡುತ್ತದೆ. ಅಂಥ ಸಂಜೆ ಖಾಲಿ ಬುಟ್ಟಿಯನ್ನು ಐದಾರು ನಿಮಿಷ ಕಾಯಿಸಿ, ಸಿಗಡಿಯನ್ನು ಇನ್ನಷ್ಟು ಸಣ್ಣ ಸರದಿಯಲ್ಲಿ ಹಾಕಿ. ಭಾನುವಾರವಾದರೆ ನಾನು ಬೆಳಗ್ಗೆ ಹನ್ನೊಂದರೊಳಗೆ ಮುಗಿಸುತ್ತೇನೆ. ಯಂತ್ರವನ್ನು ಆರು ಆಂಪಿಯರ್‌ನ ಸಣ್ಣ ಪ್ಲಗ್ಗಿಗೆ ಸಿಕ್ಕಿಸಬೇಡಿ, ಆರೂವರೆ ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್‌ನ ದೊಡ್ಡ ಪ್ಲಗ್ ಬೇಕು.

ಹಾಗಾದರೆ ಬೆಂದಿದೆ ಎಂದು ತಿಳಿಯುವುದು ಹೇಗೆ? ಬಣ್ಣ ಮೊದಲ ಗುರುತು, ಆದರೆ ಪೂರ್ತಿ ಗುರುತಲ್ಲ. ಸಿಗಡಿಯ ಕೆಂಪು ಹಸಿಯಲ್ಲೇ ಇರುತ್ತದೆ, ಒಂದು ಪ್ರೋಟೀನ್ ಅದನ್ನು ಬಿಗಿದಿಟ್ಟು ಬೂದಾಗಿ ಕಾಣಿಸುತ್ತದೆ, ಬಿಸಿಗೆ ಆ ಹಿಡಿತ ಸಡಿಲವಾಗಿ ಕೆಂಪು ಹೊರಬೀಳುತ್ತದೆ. ಹೊರಮೈಗೆ ಬಿಸಿ ಮೊದಲು ತಾಗುವುದರಿಂದ ಅದು ಬೇಗ ಕೆಂಪಾಗುತ್ತದೆ, ಒಳಗಿನ ಕಥೆ ಬೇರೆ ಇರಬಹುದು. ಅದಕ್ಕೇ ದಪ್ಪನೆಯದೊಂದನ್ನು ಹೊರತೆಗೆದು ತಲೆಯಿದ್ದ ತುದಿಯಲ್ಲಿ ಮುರಿದು ನೋಡುತ್ತೇನೆ. ಮುರಿದ ಕಡೆ ಗಾಜಿನಂತೆ ಪಾರದರ್ಶಕವಾಗಿದ್ದರೆ ಇನ್ನೊಂದು ನಿಮಿಷ, ಎಳನೀರಿನ ಗಂಜಿಯಂತೆ ಬೆಳ್ಳಗಿದ್ದು ರಸ ಕಾಣುತ್ತಿದ್ದರೆ ಆಯಿತು. ಅಡುಗೆ ಥರ್ಮಾಮೀಟರ್ ಇರುವವರು ಒಳಗೆ 63 ಡಿಗ್ರಿ ನೋಡಿಕೊಳ್ಳಿ. ಆಕಾರವೂ ಹೇಳುತ್ತದೆ: ಕುಡುಗೋಲಿನಷ್ಟು ಬಾಗಿದ್ದರೆ ಹದ, ಉಂಗುರದಂತೆ ತಲೆಗೆ ಬಾಲ ತಾಗಿದ್ದರೆ ಮೀರಿತು. ನಿಮ್ಮ ಎರಡನೆಯ ಫೋಟೊದಲ್ಲಿ ಎಲ್ಲವೂ ಉಂಗುರಗಳೇ. ಹದವಾದ ಕೂಡಲೇ ಬುಟ್ಟಿಯಿಂದ ತಟ್ಟೆಗೆ ಸುರಿಯಿರಿ, ಯಂತ್ರ ಆರಿಸಿ ಒಳಗೇ ಬಿಟ್ಟರೆ ಆ ಬಿಸಿಯಲ್ಲೇ ಗಟ್ಟಿಯಾಗುತ್ತವೆ.

ಕರಿಬೇವಿನ ವಿಷಯ ಹೇಳಲೇಬೇಕು. ಒಣ ಎಲೆಯನ್ನು ಸಿಗಡಿಯ ಮೇಲೆ ಉದುರಿಸಬೇಡಿ. ಫ್ಯಾನ್ ಗಾಳಿಗೆ ಅದು ಮೇಲೆ ಹಾರಿ ಕೆಂಪಗೆ ಕಾದ ಸುರುಳಿಗೆ ಅಂಟಿ ಸುಡುತ್ತದೆ. ನಮ್ಮಲ್ಲಿ ಒಮ್ಮೆ ಅಡುಗೆಮನೆ ತುಂಬ ಹೊಗೆಯಾಗಿ ಮಕ್ಕಳು ಕೆಮ್ಮುತ್ತಾ ಹೊರಗೆ ಓಡಿದರು. ಎಲೆಗೆ ಎಣ್ಣೆ ಸವರಿ ಸಿಗಡಿಯ ಅಡಿಗೆ ಸಿಕ್ಕಿಸಿ, ಇಲ್ಲವೇ ಬೇರೆ ಒಗ್ಗರಣೆ ಮಾಡಿ ಮೇಲೆ ಸುರಿಯಿರಿ. ಬುಟ್ಟಿಗೆ ಹಾಸುವ ಕಾಗದವೂ ಖಾಲಿ ಕಾಯಿಸುವಾಗ ಹೀಗೆಯೇ ಹಾರುತ್ತದೆ.

ನೆಂಟರು ದಿಢೀರನೆ ಬಂದು ಮಂಜು ಬಿಡಿಸಲು ಹೊತ್ತೇ ಇಲ್ಲದಿದ್ದರೆ ಹೀಗೆ ಮಾಡಿ. ಮಸಾಲೆಯಿಲ್ಲದೆ, ಮಂಜಿನ ಸಮೇತ, 180 ಡಿಗ್ರಿಗೆ ನಾಲ್ಕು ನಿಮಿಷ ಇಡಿ. ಬುಟ್ಟಿಯ ಕೆಳಗೆ ನಿಂತ ನೀರನ್ನು ಚೆಲ್ಲಿ, ಸಿಗಡಿಯನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಆಗ ಎಣ್ಣೆ, ಮಸಾಲೆ ಹಚ್ಚಿ 200ರಲ್ಲಿ ನಾಲ್ಕೈದು ನಿಮಿಷ. ರುಚಿ ಸ್ವಲ್ಪ ಕಡಿಮೆಯೇ, ರಬ್ಬರ್ ಮಾತ್ರ ಆಗುವುದಿಲ್ಲ. ಬಂದವರಲ್ಲಿ ಯಾರಿಗಾದರೂ ಸಿಗಡಿ, ಏಡಿ ಆಗುವುದಿಲ್ಲವೇ ಎಂದು ಮೊದಲೇ ಕೇಳಿಬಿಡಿ. ಅಂಥವರಿಗೆ ಅದೇ ಬುಟ್ಟಿಯಲ್ಲಿ ಆಲೂಗಡ್ಡೆ ಹುರಿದು ಕೊಡುವುದೂ ಅಪಾಯ.

ನೀವು ತಂದ ಪೊಟ್ಟಣದ ಮೇಲಿನ ಅಂಕಿ ಫೋಟೊದಲ್ಲಿ ಬೆರಳಿನಡಿ ಮುಚ್ಚಿದೆ. ಅದನ್ನೂ, ನಿಮ್ಮ ಬುಟ್ಟಿ ಎಷ್ಟು ಲೀಟರಿನದು ಎಂಬುದನ್ನೂ ಬರೆದರೆ ಒಂದು ಸರದಿಗೆ ಎಷ್ಟು ಹಾಕಬೇಕು, ಎಷ್ಟು ನಿಮಿಷಕ್ಕೆ ತೆರೆಯಬೇಕು ಎಂದು ಸರಿಯಾಗಿ ಹೇಳುತ್ತೇನೆ.