ಪ್ರೊಜೆಕ್ಟರ್ ಕೊಳ್ಳುವ ಮೊದಲು ಗೋಡೆ ನೋಡಿ

ಪ್ರಶ್ನೆ: ಹಾಲ್‌ನಲ್ಲಿ 100 ಇಂಚಿನ ಚಿತ್ರ ನೋಡುವ ಆಸೆ. ‘9000 ಲುಮೆನ್ಸ್, 4ಕೆ ಸಪೋರ್ಟ್’ ಎಂದು ಬರೆದ ಪುಟ್ಟ ಪ್ರೊಜೆಕ್ಟರ್ ಕಣ್ಣಿಗೆ ಬಿದ್ದಿದೆ. ಎದುರು ಬದುರು ಗೋಡೆಗಳ ನಡುವೆ 3 ಮೀಟರ್ ಇದೆ. ಹಗಲಲ್ಲೂ ಚೆನ್ನಾಗಿ ಕಾಣುತ್ತದೆಯೇ? ಪರದೆ ಬೇಕೇ, ಬಿಳಿ ಗೋಡೆ ಸಾಕೇ?

ಉತ್ತರ: ನೀವು ಸಿನಿಮಾ ನೋಡುವ ಹೊತ್ತಿಗೆ ಆ ಖಾಲಿ ಗೋಡೆಯ ಮುಂದೆ ಒಮ್ಮೆ ಕೂತು ನೋಡಿ. ಆಗ ಕಾಣುವ ಬಣ್ಣವೇ ನಿಮ್ಮ ಚಿತ್ರದ ಕಪ್ಪು. ಪ್ರೊಜೆಕ್ಟರ್ ಬೆಳಕನ್ನು ಕೂಡಿಸಬಲ್ಲದು, ಗೋಡೆಯ ಮೇಲೆ ಆಗಲೇ ಬಿದ್ದಿರುವ ಬೆಳಕನ್ನು ಕಳೆಯಲಾರದು. ಗೋಡೆ ಬೆಳ್ಳಗಿದ್ದರೆ ಸಿನಿಮಾದ ರಾತ್ರಿಯೂ ಬೆಳ್ಳಗೇ ಕಾಣುತ್ತದೆ. ಹಗಲಲ್ಲೇ ಹೆಚ್ಚು ನೋಡುವವರಾದರೆ ಟಿವಿ ಕೊಳ್ಳಿ, ಮನಸ್ಸಿಟ್ಟೇ ಹೇಳುತ್ತಿದ್ದೇನೆ.

ಲುಮೆನ್ಸ್ ಎಂದರೆ ಪ್ರೊಜೆಕ್ಟರ್ ಚೆಲ್ಲುವ ಬೆಳಕಿನ ಅಳತೆ. ಆ 9000ವನ್ನು ನಂಬಬೇಡಿ. ‘ಆನ್ಸಿ’ ಅಥವಾ ‘ಐಎಸ್‌ಒ’ ಎಂಬ ಪದ (ಇವು ಅಳತೆಯ ಮಾನದಂಡಗಳು) ಜೊತೆಗಿಲ್ಲದ ಲುಮೆನ್ಸ್ ಅಂಕಿಗೆ ಬೆಲೆಯಿಲ್ಲ. ಆನ್ಸಿ ಪದ್ಧತಿಯಲ್ಲಿ ಚಿತ್ರದ ಒಂಬತ್ತು ಕಡೆ ಬೆಳಕನ್ನು ಅಳೆದು ಸರಾಸರಿ ತೆಗೆಯುತ್ತಾರೆ. 100 ಇಂಚಿನ ಚಿತ್ರದ ವಿಸ್ತೀರ್ಣ ಸುಮಾರು 30 ಚದರ ಅಡಿ. ಪೂರ್ತಿ ಕತ್ತಲಲ್ಲಿ ಚಿತ್ರಮಂದಿರದಷ್ಟು ಹೊಳಪಿಗೆ ಸುಮಾರು 500 ಲುಮೆನ್ಸ್ ಸಾಕು. ಆದರೆ ಸಿನಿಮಾ ಮೋಡ್‌ನಲ್ಲಿ ಬೆಳಕು ತಗ್ಗುತ್ತದೆ, ವರ್ಷ ಕಳೆದಂತೆ ಇನ್ನಷ್ಟು ಕುಂದುತ್ತದೆ. ಹಾಗಾಗಿ ಕತ್ತಲ ಕೋಣೆಗೆ 1000 ಆನ್ಸಿಗಿಂತ ಕಡಿಮೆ ಬೇಡ. ದೀಪ ಉರಿಯುತ್ತಿರಬೇಕೆಂದರೆ 2500ರ ಮೇಲೆ ನೋಡಿ. ‘4ಕೆ ಸಪೋರ್ಟ್’ ಎಂದರೆ 4ಕೆ ವಿಡಿಯೊವನ್ನು ಅದು ಸ್ವೀಕರಿಸುತ್ತದೆ ಎಂದಷ್ಟೇ ಅರ್ಥ. ‘ನೇಟಿವ್ ರೆಸಲ್ಯೂಶನ್’, ಅಂದರೆ ಯಂತ್ರ ನಿಜವಾಗಿ ಮೂಡಿಸುವ ಪಿಕ್ಸೆಲ್‌ಗಳು (ಚಿತ್ರದ ಚುಕ್ಕೆಗಳು) ಎಷ್ಟೆಂದು ಕೇಳಿ. ಅದು 1920×1080ಕ್ಕಿಂತ ಕೆಳಗಿದ್ದರೆ ಈ ಗಾತ್ರಕ್ಕೆ ಸಾಲದು.

ಇನ್ನು ಅಂತರ. ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರದ ಅಗಲ 2.2 ಮೀಟರ್. ‘ಥ್ರೋ ರೇಶಿಯೊ’ (ಲೆನ್ಸ್‌ನಿಂದ ಗೋಡೆಗಿರುವ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಎಂಬ ಲೆಕ್ಕ) 1.5 ಇದ್ದರೆ ಲೆನ್ಸ್ 3.3 ಮೀಟರ್ ದೂರದಲ್ಲಿರಬೇಕು. ಯಂತ್ರವೇ ಒಂದಿಷ್ಟು ಜಾಗ ತಿನ್ನುತ್ತದೆ, ಹಿಂದೆ ಗಾಳಿಯಾಡಲೂ ಜಾಗ ಬಿಡಬೇಕು. ನಿಮಗೆ ಉಳಿಯುವುದು 2.6 ಮೀಟರ್ ಆಸುಪಾಸು. ಅಂದರೆ ಚಿತ್ರ 80 ಇಂಚಿಗೇ ನಿಲ್ಲುತ್ತದೆ. 1.2ಕ್ಕಿಂತ ಕಡಿಮೆ ರೇಶಿಯೊ ಇರುವುದನ್ನು ಹುಡುಕಿ.

ಗೋಡೆ ನಯವಾಗಿದ್ದು, ಹೊಳಪಿಲ್ಲದ ಬಿಳಿ ಬಣ್ಣವಿದ್ದರೆ ಸದ್ಯಕ್ಕೆ ಸಾಕು. ಪರದೆಗೆ ಇಟ್ಟ ದುಡ್ಡನ್ನು ಮೊದಲು ಕಿಟಕಿಯ ದಪ್ಪ ಕರ್ಟನ್‌ಗೆ ಹಾಕಿ.

ಪ್ರಶ್ನೆ: ಮೂರು ವರ್ಷದ ಲ್ಯಾಂಪ್ ಪ್ರೊಜೆಕ್ಟರ್. ಚಿತ್ರ ಮಂಕಾಗಿದೆ, ಅರ್ಧ ಗಂಟೆಗೆ ತಾನೇ ಆಫ್ ಆಗುತ್ತದೆ. ಒಂದು ಮೂಲೆಯಲ್ಲಿ ಮಸುಕಾದ ಕಲೆಯೂ ಇದೆ. ಲೆನ್ಸ್ ಒರೆಸಿದರೂ ಹೋಗಲಿಲ್ಲ.

ಉತ್ತರ: ತಾನಾಗಿ ಆಫ್ ಆಗುವುದು ಹೆಚ್ಚಾಗಿ ಬಿಸಿಯಿಂದ ಪಾರಾಗಲು. ಪ್ಲಗ್ ಕಿತ್ತು, ಯಂತ್ರ ಪೂರ್ತಿ ತಣಿದ ಮೇಲೆ ಏರ್ ಫಿಲ್ಟರ್ ತೆಗೆದು ನೋಡಿ. ಧೂಳು ಕಂಬಳಿಯಂತೆ ಕೂತಿದ್ದರೆ ಕಾರಣ ಅದೇ. ಮೃದು ಬ್ರಷ್‌ನಿಂದ ಬಿಡಿಸಿ. ಮ್ಯಾನ್ಯುವಲ್‌ನಲ್ಲಿ ಹೇಳಿದ್ದರೆ ಮಾತ್ರ ನೀರಿನಲ್ಲಿ ತೊಳೆಯಿರಿ. ಆಫ್ ಮಾಡಿದ ತಕ್ಷಣ ಪ್ಲಗ್ ಕೀಳುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ: ಫ್ಯಾನ್ ನಿಲ್ಲುವವರೆಗೆ ಕಾಯಿರಿ, ಲ್ಯಾಂಪ್‌ನ ಬಿಸಿ ಹೊರಹೋಗುವುದು ಆಗಲೇ.

ಕಲೆಯ ಮೇಲೆ ಕಣ್ಣಿಟ್ಟು ಫೋಕಸ್ ತಿರುಗಿಸಿ. ಕಲೆ ಚೂಪಾಗುತ್ತಾ ಮಸುಕಾಗುತ್ತಾ ಇದ್ದರೆ ಒಳಗೆ ಚಿತ್ರ ಮೂಡಿಸುವ ಪ್ಯಾನೆಲ್ ಬಳಿ ಧೂಳು ಕೂತಿದೆ. ಎಲ್‌ಸಿಡಿ ಪ್ರೊಜೆಕ್ಟರ್‌ಗಳಲ್ಲಿ ಇದು ಸಾಮಾನ್ಯ. ಬಿಚ್ಚಲು ಹೋಗಬೇಡಿ, ರಿಪೇರಿ ಬಲ್ಲವರಿಗೆ ಕೊಡಿ.

ಮಂಕಿಗೆ ಕಾರಣ ಮೆನುವಿನ ‘ಲ್ಯಾಂಪ್ ಅವರ್ಸ್’ (ಲ್ಯಾಂಪ್ ಈವರೆಗೆ ಉರಿದ ಗಂಟೆಗಳು) ಹೇಳುತ್ತದೆ. ಲ್ಯಾಂಪ್‌ಗೆ ಕಂಪನಿ ಹೇಳುವ ಆಯಸ್ಸು ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಗಂಟೆಗಳು. ಅದು ಮುಗಿದಿದ್ದರೆ ಬದಲಿಸಿ, ಸಿಡಿಯುವ ಅಪಾಯವೂ ಇದೆ. ಹೊಸ ಲ್ಯಾಂಪ್‌ನ ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ಹಳೆಯದರಲ್ಲಿ ಪಾದರಸವಿರುತ್ತದೆ, ಕಸದ ಬುಟ್ಟಿಗೆ ಬೇಡ, ಇ–ತ್ಯಾಜ್ಯಕ್ಕೆ ಕೊಡಿ.

ಪ್ರಶ್ನೆ: ಪ್ರೊಜೆಕ್ಟರ್‌ನ ‘ಕೀಸ್ಟೋನ್’ ಸೆಟ್ಟಿಂಗ್‌ನಿಂದ ಓರೆ ಚಿತ್ರವನ್ನು ನೇರ ಮಾಡಿದ ಮೇಲೆ ಅಕ್ಷರಗಳು ಮಸುಕಾಗಿವೆ. ಏಕೆ?

ಉತ್ತರ: ಕೀಸ್ಟೋನ್ ಚಿತ್ರವನ್ನು ಕುಗ್ಗಿಸಿ ನೇರ ಮಾಡುತ್ತದೆ, ಹಾಗಾಗಿ ಒಂದಿಷ್ಟು ಪಿಕ್ಸೆಲ್‌ಗಳು ಕೈಬಿಟ್ಟು ಹೋಗುತ್ತವೆ. ಅದನ್ನು ಸೊನ್ನೆಗೆ ತನ್ನಿ. ಯಂತ್ರವನ್ನು ಓರೆಯಾಗಿಸದೆ ಗೋಡೆಗೆ ನೇರವಾಗಿ ಇಡಿ, ಎತ್ತರವನ್ನು ಸ್ಟ್ಯಾಂಡ್‌ನಲ್ಲೇ ಹೊಂದಿಸಿ. ಲೆನ್ಸನ್ನೇ ಸರಿಸಿ ಚಿತ್ರದ ಜಾಗ ಬದಲಿಸುವ ‘ಲೆನ್ಸ್ ಶಿಫ್ಟ್’ ಇದ್ದರೆ ಅದನ್ನು ಬಳಸಿ, ಅದರಿಂದ ಪಿಕ್ಸೆಲ್ ಕಳೆಯುವುದಿಲ್ಲ.